ಹಳೆಯ ಪಿಕಪ್ ಲಾರಿಯ ಪೆಟ್ಟಿಗೆಗೆ ಹೊಸ ಮರದ ಹಾಸು

ಕನ್ನಡ ನಾಡಿನ ರೈತನಿಗೆ ತಲೆಮಾರುಗಳಿಂದ ಎತ್ತಿನ ಗಾಡಿಯು ಹೇಗೋ, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರೈತನಿಗೆ ಪಿಕಪ್ ಎಂಬ ಚಿಕ್ಕ ಲಾರಿಯು ಹಾಗೆ. ಮುಂದೆ ಇಬ್ಬರು ಮೂವರು ಕುಳಿತುಕೊಳ್ಳತಕ್ಕ ಮುಚ್ಚಿದ ಕೋಣೆ, ಹಿಂದೆ ಮೇಲ್ಛಾವಣಿಯಿಲ್ಲದ ಪೆಟ್ಟಿಗೆ. ಇದೇ ಅದರ ಸ್ವರೂಪ. ಹುಲ್ಲು, ಗೊಬ್ಬರ, ಕರು, ಹಾಲಿನ ಡಬ್ಬ, ನೇಗಿಲು, ಮುರಿದ ಯಂತ್ರ, ಹೀಗೆ ಬೇಸಾಯದ ಮನೆಯಲ್ಲಿ ಸಾಗಿಸಬೇಕಾದುದೆಲ್ಲವೂ ಈ ಪೆಟ್ಟಿಗೆಯನ್ನೇರಿ ಇಳಿಯುತ್ತಿತ್ತು. ಮೊದಮೊದಲು ಅಲ್ಲಿನ ರೈತರು ತಮ್ಮ ಕಾರುಗಳ ಹಿಂಭಾಗವನ್ನು ಬಿಚ್ಚಿಹಾಕಿ, ಆ ಜಾಗದಲ್ಲಿ ಪೆಟ್ಟಿಗೆಯನ್ನು ತಾವೇ ಕಟ್ಟಿಕೊಳ್ಳುತ್ತಿದ್ದುದುಂಟು. ೧೯೨೫ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಫೋರ್ಡ್ ಕಂಪೆನಿಯವರು ತಮ್ಮ ಮಾಡೆಲ್ ಟಿ ಗಾಡಿಗೆ ಕಾರ್ಖಾನೆಯಲ್ಲಿಯೇ ಪೆಟ್ಟಿಗೆಯನ್ನು ಕೂಡಿಸಿ ೨೮೧ ಡಾಲರುಗಳಿಗೆ ಮಾರಲಾರಂಭಿಸಿದರು. ಅನಂತರ ಬಂದ ಮಾದರಿಗಳಲ್ಲಿ ೧೯೪೭ರಿಂದ ೧೯೫೫ರ ಮೊದಲ ತಿಂಗಳುಗಳವರೆಗೆ ಷೆವ್ರೊಲೆ ಕಂಪೆನಿಯವರು ತಯಾರಿಸಿದ ಅರ್ಧ ಟನ್ನಿನ ೩೧೦೦ ಎಂಬ ಲಾರಿಯು ಬಹಳ ಹೆಸರಾದುದು. ಎಪ್ಪತ್ತು ವರ್ಷಗಳು ಸಂದರೂ ಆ ಲಾರಿಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ಅವುಗಳ ಒಡೆಯರು ಎಂದಾದರೊಂದು ದಿನ ಮಾಡಿಸಲೇಬೇಕಾಗಿ ಬರುವ ಒಂದು ಕೆಲಸದ ವಿಚಾರವನ್ನು ಇಲ್ಲಿ ವಿವರಿಸಲಾಗುತ್ತದೆ. ಅದಾವುದೆಂದರೆ, ಪೆಟ್ಟಿಗೆಯ ತಳಕ್ಕೆ ಹೊಸ ಮರದ ಹಲಗೆಗಳನ್ನು ಹಾಸುವುದು.

ಇಂದು ಪಿಕಪ್ ಎಂದೊಡನೆ ಉಕ್ಕಿನ ತಗಡಿನ ತಳವೇ ಕಣ್ಣಿಗೆ ಕಟ್ಟುವುದರಿಂದ, ಉಕ್ಕಿನ ಲಾರಿಗೆ ಮರದ ಹಾಸೇಕೆ ಎಂಬ ಸಂದೇಹವು ಯಾರಿಗಾದರೂ ಬಂದೀತು. ಅಂದಿನ ತಯಾರಕರು ಹೀಗೆ ಮಾಡಿದುದು ಜಿಪುಣತನದಿಂದ ಮಾತ್ರವಲ್ಲ. ಮರದ ಬೆಲೆ ಕಡಮೆಯಾಗಿದ್ದುದು ನಿಜ. ಆದರೆ ಭಾರವಾದ ಕಲ್ಲೊಂದು ಬಿದ್ದರೆ ತೆಳುವಾದ ತಗಡು ತಗ್ಗಾಗಿ ಅಲ್ಲಿ ನೀರು ನಿಲ್ಲುತ್ತದೆ, ಹಲಗೆಯಾದರೋ ಒಂದಿಷ್ಟು ಜಜ್ಜಿಹೋಗಿ ಸುಮ್ಮನಾಗುತ್ತದೆ. ಒದ್ದೆಯಾದ ತಗಡಿನ ಮೇಲೆ ದನದ ಗೊರಸು ಜಾರುವಷ್ಟು ಮರದ ಮೇಲೆ ಜಾರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು, ಒಂದು ಹಲಗೆ ಕೆಟ್ಟರೆ ಅದೊಂದನ್ನೇ ತೆಗೆದು ಹೊಸದನ್ನು ಹಾಕಬಹುದು. ಸುತ್ತಿಗೆ, ಗರಗಸ, ಸ್ಪ್ಯಾನರುಗಳಿರುವ ಯಾವ ರೈತನಾದರೂ ಈ ಕೆಲಸವನ್ನು ತನ್ನ ಕೊಟ್ಟಿಗೆಯಲ್ಲಿಯೇ ಮಾಡಿಕೊಳ್ಳಬಲ್ಲನು. ಜನರಲ್ ಮೋಟಾರ್ಸ್ ಕಂಪೆನಿಯವರು ತಮ್ಮ ಸ್ಟೆಪ್‌ಸೈಡ್ ಎಂಬ ಮಾದರಿಗಳಲ್ಲಿ ಮರದ ಹಾಸನ್ನು ೧೯೮೭ರವರೆಗೂ ಬಿಡದೆ ಇಟ್ಟುಕೊಂಡಿದ್ದರು. ಸವೆದುಹೋಗಲೆಂದೇ, ಬದಲಾಯಿಸಲೆಂದೇ ಇಟ್ಟ ಭಾಗವಿದು. ಈ ಮಾತನ್ನು ಮರೆತು ಕೆಲಸ ಮಾಡಿಸಿದವರು ಹಣವನ್ನು ವ್ಯರ್ಥಮಾಡಿಕೊಳ್ಳುವುದು ಕಂಡುಬರುತ್ತದೆ.

ಹಾಸಿನ ರಚನೆ

ಲಾರಿಯ ಬೆನ್ನೆಲುಬಾದ ಚಾಸಿಯ ಎರಡು ಉದ್ದ ತೊಲೆಗಳ ಮೇಲೆ, ಅವುಗಳಿಗೆ ಅಡ್ಡಲಾಗಿ, ಮಡಿಚಿದ ಉಕ್ಕಿನ ಅಡ್ಡತೊಲೆಗಳು ಕೆಲವು ಇರುತ್ತವೆ. ಪೆಟ್ಟಿಗೆಯ ಎಡಬಲದ ಗೋಡೆಗಳೂ ಮುಂದಣ ತಗಡೂ ಈ ಅಡ್ಡತೊಲೆಗಳನ್ನೇ ಆಶ್ರಯಿಸಿಕೊಂಡಿರುತ್ತವೆ. ಅಡ್ಡತೊಲೆಗಳ ಮೇಲೆ ಲಾರಿಯ ಉದ್ದಕ್ಕೂ ಹಲಗೆಗಳನ್ನು ಮಲಗಿಸುತ್ತಾರೆ. ಷೆವ್ರೊಲೆ ೩೧೦೦ರ ಪೆಟ್ಟಿಗೆಯ ಉದ್ದ ಸುಮಾರು ೭೮ ಅಂಗುಲ, ಅಗಲ ಸುಮಾರು ೫೦ ಅಂಗುಲ; ಹಲಗೆಯ ದಪ್ಪ ಮುಕ್ಕಾಲು ಅಂಗುಲ, ಇಲ್ಲವೆ ಅದಕ್ಕಿಂತ ಒಂದು ಗೆರೆ ಹೆಚ್ಚು.

ಇಷ್ಟೇ ಆಗಿದ್ದರೆ ಇದರಲ್ಲಿ ಹೇಳತಕ್ಕ ವಿಶೇಷವೇನೂ ಇರುತ್ತಿರಲಿಲ್ಲ. ಗಮನಿಸಬೇಕಾದುದು ಹಲಗೆಗಳನ್ನು ಹಿಡಿದುಕೊಳ್ಳುವ ಕ್ರಮ. ಒಂದು ಹಲಗೆಗೂ ಮತ್ತೊಂದಕ್ಕೂ ನಡುವೆ ಬೆರಳಿನಷ್ಟು ಸಂದನ್ನು ಬಿಟ್ಟು, ಆ ಸಂದಿನ ಮೇಲೆ ಉದ್ದಕ್ಕೂ ಒಂದು ಉಕ್ಕಿನ ಪಟ್ಟಿಯನ್ನು ಮುಚ್ಚಿರುತ್ತಾರೆ. ಪಟ್ಟಿಯ ಎರಡು ಅಂಚುಗಳು ಎರಡು ಕಡೆಯ ಹಲಗೆಗಳಲ್ಲಿ ಕೊರೆದ ಸಣ್ಣ ತೋಡುಗಳೊಳಗೆ ಕುಳಿತುಕೊಳ್ಳುತ್ತವೆ. ಪಟ್ಟಿಯಲ್ಲಿ ಅಲ್ಲಲ್ಲಿ ಚೌಕವಾದ ರಂಧ್ರಗಳಿದ್ದು, ಅವುಗಳ ಮೂಲಕ ಗುಂಡುತಲೆಯ, ಚೌಕ ಕತ್ತಿನ, ೫/೧೬ ಅಂಗುಲದ ಬೋಲ್ಟುಗಳು ಕೆಳಕ್ಕಿಳಿದು ಅಡ್ಡತೊಲೆಯನ್ನು ತೂರಿ ಹೋಗುತ್ತವೆ. ಚೌಕ ಕತ್ತು ಚೌಕ ರಂಧ್ರದಲ್ಲಿ ಕಚ್ಚಿಕೊಳ್ಳುವುದರಿಂದ ಕೆಳಗೆ ನಟ್ಟನ್ನು ತಿರುಗಿಸುವಾಗ ಮೇಲೆ ತಲೆಯು ತಿರುಗುವುದಿಲ್ಲ. ಹೀಗೆ ಬೋಲ್ಟು ಹಾದುಹೋಗುವುದು ಸಂದಿನಲ್ಲಿಯೇ ಹೊರತು ಮರದಲ್ಲಿ ಅಲ್ಲ. ಪಟ್ಟಿಯು ಹಲಗೆಯನ್ನು ಅಂಚುಗಳಲ್ಲಿ ಒತ್ತಿಹಿಡಿಯುತ್ತದೆ, ಮೊಳೆಯಂತೆ ಚುಚ್ಚಿ ನಿಲ್ಲಿಸುವುದಿಲ್ಲ. ಮರಕ್ಕೆ ಹಿಗ್ಗಲೂ ಕುಗ್ಗಲೂ ಸ್ವಾತಂತ್ರ್ಯವುಂಟು. ಸರಕನ್ನು ಎಳೆದು ಜಾರಿಸುವಾಗ ಅದರ ಉಜ್ಜಾಟವೂ ಬಹುಮಟ್ಟಿಗೆ ಪಟ್ಟಿಯ ಮೇಲೆಯೇ ಬೀಳುತ್ತದೆ. ಇಡೀ ಪೆಟ್ಟಿಗೆಯನ್ನು ಚಾಸಿಗೆ ಬಿಗಿಯುವ ಕೆಲವು ದಪ್ಪ ಬೋಲ್ಟುಗಳು ಮಾತ್ರ ಮರವನ್ನು ತೂರುತ್ತವೆ. ಅವುಗಳಿಗೆ ಅಗಲವಾದ ವಾಷರುಗಳಿರುತ್ತವೆ.

ಮರದ ಸ್ವಭಾವವನ್ನು ಬಲ್ಲವರಿಗೆ ಈ ಏರ್ಪಾಟಿನ ಜಾಣತನವು ತಾನಾಗಿಯೇ ತಿಳಿದೀತು. ಗಾಳಿಯ ತೇವವು ನೂರಕ್ಕೆ ೫೦ ಇರುವಾಗ ಮರವು ತನ್ನ ಒಣ ತೂಕದ ನೂರಕ್ಕೆ ಸುಮಾರು ೯ರಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಗಾಳಿಯ ತೇವವು ೮೦ಕ್ಕೆ ಏರಿದರೆ ಮರದ ನೀರು ಸುಮಾರು ೧೬ಕ್ಕೆ ಏರುತ್ತದೆ. ಇದು ಬೇಸಗೆಗೂ ಮಳೆಗಾಲಕ್ಕೂ ಇರತಕ್ಕ ಅಂತರ. ಅಮೆರಿಕಾದ ಕೆಂಪು ಓಕ್ ಮರದ ಹಲಗೆಯು ಆರು ಅಂಗುಲ ಅಗಲವಿದ್ದರೆ ಇಷ್ಟಕ್ಕೇ ಸುಮಾರು ೧/೮ ಅಂಗುಲ ಹಿಗ್ಗುತ್ತದೆ. ಐವತ್ತು ಅಂಗುಲದ ಹಾಸಿನಲ್ಲಿ ಒಟ್ಟು ಹಿಗ್ಗುವಿಕೆಯು ಒಂದು ಅಂಗುಲವಾಯಿತು. ಸಂದುಗಳಿಲ್ಲದೆ ಹಲಗೆಗಳನ್ನು ಒಂದಕ್ಕೊಂದು ಒತ್ತಿ ಮೊಳೆ ಹೊಡೆದರೆ ಈ ಒಂದು ಅಂಗುಲವು ಎಲ್ಲಿಗೆ ಹೋಗಬೇಕು? ಹಲಗೆಗಳು ಮಧ್ಯದಲ್ಲಿ ಗುಬ್ಬಿಯಂತೆ ಎದ್ದು ನಿಲ್ಲುತ್ತವೆ, ಇಲ್ಲವೆ ಪೆಟ್ಟಿಗೆಯ ಗೋಡೆಗಳನ್ನು ಹೊರಕ್ಕೆ ನೂಕುತ್ತವೆ.

ಕೇಡು ಹುಟ್ಟುವ ಸ್ಥಳ

ಹಾಸು ಕೆಡುವುದು ಭಾರದಿಂದಲ್ಲ, ನಿಂತ ನೀರಿನಿಂದ. ಮರವನ್ನು ತಿನ್ನುವ ಬೂಷ್ಟಿನ ಜಾತಿಯ ಜೀವಿಗಳು ಮರದ ತೇವವು ಒಣ ತೂಕದ ನೂರಕ್ಕೆ ಸುಮಾರು ೩೦ರಷ್ಟಾದಾಗ ಹುಲುಸಾಗಿ ಬೆಳೆಯುತ್ತವೆ. ೨೦ಕ್ಕಿಂತ ಕೆಳಗಿಟ್ಟ ಮರಕ್ಕೆ ಅವುಗಳ ಭಯವಿಲ್ಲವೆಂದು ತಿಳಿಯಬಹುದು. ಮಳೆಯಲ್ಲಿ ನೆನೆದು ಬಿಸಿಲಿಗೆ ಒಣಗುವ ಹಲಗೆಯ ನಡುಭಾಗವು ಹತ್ತಾರು ವರ್ಷಗಳು ಬಾಳುತ್ತದೆ. ಆದರೆ ಒಣಗದೆ ಉಳಿಯುವ ಜಾಗಗಳು ಮೂರುಂಟು: ಹಲಗೆಯು ಅಡ್ಡತೊಲೆಯ ಮೇಲೆ ಕುಳಿತ ಸ್ಥಳ, ಪಟ್ಟಿಯ ಅಡಿಯ ತೋಡು, ಹಲಗೆಯ ಎರಡು ತುದಿಗಳು. ತುದಿಯ ಸಂಗತಿಯೇ ಬೇರೆ. ಮರದ ನಾಳಗಳು ಅಲ್ಲಿ ಬಾಯಿ ತೆರೆದಿರುವುದರಿಂದ ಅಡ್ಡಮುಖಕ್ಕಿಂತ ಎಷ್ಟೋ ಪಾಲು ಬೇಗನೆ ನೀರನ್ನು ಹೀರುತ್ತವೆ. ಇದರ ಮೇಲೆ ಗೊಬ್ಬರದ ಪುಡಿ, ಸಗಣಿ, ಹುಲ್ಲಿನ ಚೂರುಗಳು ಸಂದುಗಳಲ್ಲಿ ಸೇರಿಕೊಂಡರೆ ಒದ್ದೆಯ ಬಟ್ಟೆಯನ್ನು ಸುತ್ತಿಟ್ಟಂತಾಯಿತು. ರಾಸಾಯನಿಕ ಗೊಬ್ಬರದ ಉಪ್ಪು ಗಾಳಿಯಿಂದಲೇ ನೀರನ್ನು ಎಳೆದುಕೊಂಡು ಉಕ್ಕನ್ನೂ ತಿನ್ನಲು ತೊಡಗುತ್ತದೆ.

ಹಾಸು ಕೆಟ್ಟುದರಿಂದ ಆಗುವ ನಷ್ಟವು ಹಾಸಿನಲ್ಲಿಯೇ ನಿಲ್ಲುವುದಾಗಿದ್ದರೆ ಚಿಂತೆಯಿರಲಿಲ್ಲ. ಕೊಳೆತ ಹಲಗೆಯು ನೀರನ್ನು ಹಿಡಿದು ತನ್ನ ಕೆಳಗಿನ ಅಡ್ಡತೊಲೆಗೆ ದಿನವೂ ಉಣಿಸುತ್ತಿರುತ್ತದೆ. ಮೇಲಿನಿಂದ ನೋಡುವವರಿಗೆ ತೊಲೆಯು ಕಾಣುವುದಿಲ್ಲ. ಕೆಳಗಿನಿಂದ ನೋಡಿದರೆ ಕೆಸರು ಮೆತ್ತಿಕೊಂಡಿರುತ್ತದೆ. ತೊಲೆಯು ಒಳಗೊಳಗೇ ತುಕ್ಕಾಗಿ ಪದರಪದರವಾಗಿ ಉದುರಿ, ಒಂದು ದಿನ ಪೆಟ್ಟಿಗೆಯ ಗೋಡೆಗಳಿಗೆ ಆಧಾರವೇ ಇಲ್ಲದಂತಾಗುತ್ತದೆ. ತುಂಬಿದ ಲಾರಿಯು ತಿರುವಿನಲ್ಲಿ ವಾಲಿದಾಗ ಆಧಾರ ತಪ್ಪಿದ ಪೆಟ್ಟಿಗೆಯು ಏನು ಮಾಡೀತೆಂಬುದನ್ನು ಊಹಿಸಿಕೊಳ್ಳಬಹುದು. ಹಲಗೆಗಳ ಮೇಲೆ ದಪ್ಪ ತಗಡೊಂದನ್ನು ಹೊದೆಸಿ ಕೆಲಸ ಮುಗಿಯಿತೆಂದುಕೊಳ್ಳುವ ಪದ್ಧತಿಯು ಎಲ್ಲ ದೇಶಗಳಲ್ಲಿಯೂ ಉಂಟು. ಹುಣ್ಣಿನ ಮೇಲೆ ಹೊಸ ಅಂಗಿಯನ್ನು ತೊಡಿಸಿದಂತೆ ಅದು. ಅಡಿಯ ತೇವಕ್ಕೆ ಹೊರಬೀಳಲು ಇದ್ದ ದಾರಿಯೂ ಮುಚ್ಚಿಹೋಗುತ್ತದೆ.

ಆದುದರಿಂದ ಮೊದಲು ಪರೀಕ್ಷೆ. ಒಂದು ದಬ್ಬಳವನ್ನು ಹಿಡಿದು ಹಲಗೆಗಳ ತುದಿಗಳಲ್ಲಿಯೂ ಅಡ್ಡತೊಲೆಗಳ ಮಗ್ಗುಲಲ್ಲಿಯೂ ಅಡಿಯಿಂದ ಒತ್ತಿ ನೋಡತಕ್ಕದ್ದು. ಗಟ್ಟಿಮರದಲ್ಲಿ ಮೊನೆಯು ಕೂದಲೆಳೆಯಷ್ಟು ಹೋಗಿ ನಿಲ್ಲುತ್ತದೆ. ಕೊಳೆತ ಮರದಲ್ಲಿ ಬೆಣ್ಣೆಗೆ ಚುಚ್ಚಿದಂತೆ ಇಳಿಯುತ್ತದೆ. ಅಡ್ಡತೊಲೆಯನ್ನು ಚಿಕ್ಕ ಸುತ್ತಿಗೆಯಿಂದ ತಟ್ಟಿ ನೋಡುವುದು. ಖಣಿಲೆಂದರೆ ಉಕ್ಕು ಇದೆ, ಬೊದ್ದೆಂದರೆ ತುಕ್ಕು ಮಾತ್ರ ಇದೆ.

ಬಿಚ್ಚುವ ಕೆಲಸ

ಹಾಸುವುದಕ್ಕಿಂತ ಬಿಚ್ಚುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಐವತ್ತು ಅರುವತ್ತು ವರ್ಷಗಳಿಂದ ಕುಳಿತ ನಟ್ಟು ಸುಲಭವಾಗಿ ಏಳುವುದಿಲ್ಲ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ ನೆನೆಯಬಿಟ್ಟರೆ ಕೆಲವು ಬಿಟ್ಟುಕೊಳ್ಳುತ್ತವೆ. ಉಳಿದವುಗಳ ತಲೆಯನ್ನು ಗ್ರೈಂಡರಿನಿಂದ ಕತ್ತರಿಸುವುದೇ ಉಚಿತ. ಬೋಲ್ಟಿನ ಬೆಲೆ ಅಲ್ಪ, ಅದನ್ನುಳಿಸುವ ಹಠದಲ್ಲಿ ಪಟ್ಟಿಯನ್ನು ಬಗ್ಗಿಸಿಕೊಳ್ಳುವುದು ಅವಿವೇಕ. ಗ್ರೈಂಡರಿನ ಕಿಡಿಗಳು ಪೆಟ್ರೋಲಿನ ತೊಟ್ಟಿಯ ಕಡೆಗೂ ತಂತಿಗಳ ಕಡೆಗೂ ಹಾರದಂತೆ ಎಚ್ಚರವಹಿಸಬೇಕು. ಬ್ಯಾಟರಿಯ ತಂತಿಯನ್ನು ಮೊದಲೇ ಕಳಚಿ, ಪಕ್ಕದಲ್ಲಿ ಒಬ್ಬ ಆಳನ್ನು ನೀರು ಮರಳುಗಳೊಡನೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು.

ಪೆಟ್ಟಿಗೆಯ ಗೋಡೆಗಳನ್ನು ಅಡ್ಡತೊಲೆಗಳಿಂದ ಬಿಡಿಸುವ ಮುನ್ನ, ಒಂದು ಮೂಲೆಯಿಂದ ಎದುರಿನ ಮೂಲೆಗೆ ಎರಡು ಕರ್ಣಗಳನ್ನೂ ಅಳೆದು ಬರೆದುಕೊಳ್ಳತಕ್ಕದ್ದು. ಹಲಗೆಗಳಿಗೆ ಎಡದಿಂದ ಬಲಕ್ಕೆ ಅಂಕಿಗಳನ್ನು ಹಾಕಿ, ಮುಂತುದಿಯಾವುದೆಂದು ಸುಣ್ಣದ ಕಡ್ಡಿಯಿಂದ ಗುರುತಿಸಬೇಕು. ಎಷ್ಟೇ ಕೊಳೆತಿದ್ದರೂ ಹಳೆಯ ಹಲಗೆಗಳನ್ನು ಕೆಲಸ ಮುಗಿಯುವವರೆಗೆ ಎಸೆಯಕೂಡದು. ಚಕ್ರದ ಮೇಲ್ಭಾಗದಲ್ಲಿ ಎಷ್ಟು ಕತ್ತರಿಸಿದೆ, ದಪ್ಪ ಬೋಲ್ಟಿನ ರಂಧ್ರ ತುದಿಯಿಂದ ಎಷ್ಟು ದೂರ, ಎಂಬುದನ್ನೆಲ್ಲ ಅವುಗಳೇ ಹೇಳಬೇಕು. ಬಡಗಿಗೆ ಅದಕ್ಕಿಂತ ಒಳ್ಳೆಯ ನಕ್ಷೆಯನ್ನು ಯಾವ ಪುಸ್ತಕವೂ ಕೊಡಲಾರದು.

ಆ ಹಲಗೆಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯ. ಹಳೆಯ ಕಾಲದ ಬಣ್ಣಗಳಲ್ಲಿ ಸೀಸವಿರುವುದು ಸಾಮಾನ್ಯವಾಗಿತ್ತು. ಅಮೆರಿಕಾದಲ್ಲಿ ಮನೆಗಳಿಗೆ ಬಳಿಯುವ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದುದೇ ೧೯೭೮ರಲ್ಲಿ. ಬಣ್ಣ ಮೆತ್ತಿದ ಹಳೆಯ ಹಲಗೆಗಳನ್ನು ಅಡಿಗೆಯ ಒಲೆಗೆ ಸೌದೆಯಾಗಿ ಹಾಕಬಾರದು, ದನಗಳ ಗೋದಲಿಗೆ ಬಡಿಯಬಾರದು. ದನಗಳು ಬಣ್ಣದ ಹಲಗೆಯನ್ನು ನೆಕ್ಕುವ ಸ್ವಭಾವದವು. ಸೀಸದ ವಿಷವೇರಿದ ಕರುವಿಗೆ ಕಣ್ಣು ಕಾಣದಂತಾಗಿ ಸೆಳೆತ ಬಂದು ಸಾಯುವುದುಂಟು. ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸುವುದೂ ಮನೆಯ ಮಕ್ಕಳಿಗೆ ಕೇಡು.

ಹಾಸೆಲ್ಲವೂ ಎದ್ದ ಮೇಲೆ ಅಡ್ಡತೊಲೆಗಳ ನಿಜಸ್ಥಿತಿಯು ಬಯಲಾಗುತ್ತದೆ. ಮೇಲ್ಪದರದ ತುಕ್ಕನ್ನು ತಂತಿಯ ಕುಂಚದಿಂದ ಉಜ್ಜಿ, ಉಕ್ಕು ಗಟ್ಟಿಯಿದ್ದರೆ ತುಕ್ಕುತಡೆಯುವ ಬಣ್ಣವನ್ನು ಎರಡಾವರ್ತಿ ಬಳಿದರೆ ಸಾಕು. ತೂತು ಬಿದ್ದ ತೊಲೆಗೆ ತೇಪೆ ಹಾಕಿಸುವುದಕ್ಕಿಂತ ಹೊಸ ತೊಲೆಯನ್ನು ಹಾಕಿಸುವುದೇ ಮೇಲು. ಸಾಮಾನ್ಯವಾಗಿ ಒಡೆಯರು ಹಣವನ್ನು ಹಿಡಿಯುವುದು ಇಲ್ಲಿಯೇ. ಕಣ್ಣಿಗೆ ಕಾಣುವ ಹಲಗೆಗೆ ಧಾರಾಳವಾಗಿ ಖರ್ಚುಮಾಡಿ, ಕಾಣದ ತೊಲೆಗೆ ಕೈಬಿಗಿ ಮಾಡುತ್ತಾರೆ. ಕಾಸಿಗೆ ಕಷ್ಟವಿದ್ದರೆ ಇದಕ್ಕೆ ವಿರುದ್ಧವಾಗಿ ನಡೆಯಬೇಕು: ತೊಲೆಗಳು ಚೆನ್ನಾಗಿರಲಿ, ಹಲಗೆಯು ಅಗ್ಗದ್ದೇ ಆಗಲಿ.

ಮರದ ಆಯ್ಕೆ

ಷೆವ್ರೊಲೆ ಮುಂತಾದ ಲಾರಿಗಳಿಗೆ ಕಾರ್ಖಾನೆಯಲ್ಲಿ ಹಾಕುತ್ತಿದ್ದುದು ಹೆಚ್ಚಾಗಿ ಅಮೆರಿಕಾದ ದಕ್ಷಿಣ ಸೀಮೆಯ ಹಳದಿ ಪೈನ್ ಮರ. ಹಳೆಯ ಲಾರಿಗಳನ್ನು ಸಿಂಗರಿಸಿ ಪ್ರದರ್ಶನಕ್ಕೆ ಒಯ್ಯುವವರು ಇಂದು ಅದನ್ನು ಬಿಟ್ಟು ಓಕ್ ಮರಕ್ಕೆ ಮನಸೋಲುತ್ತಾರೆ. ಓಕಿನಲ್ಲಿ ಬಿಳಿಯದು, ಕೆಂಪು ಎಂದು ಎರಡು ಪಂಗಡಗಳುಂಟು. ಇವೆರಡಕ್ಕೂ ಇರುವ ಭೇದವನ್ನು ತಿಳಿಯದವರು ಮೋಸಹೋಗುತ್ತಾರೆ. ಕೆಂಪು ಓಕಿನ ನಾಳಗಳು ತೆರೆದಿರುತ್ತವೆ. ಚಿಕ್ಕ ತುಂಡೊಂದರ ತುದಿಯನ್ನು ನೀರಿನಲ್ಲಿಟ್ಟು ಇನ್ನೊಂದು ತುದಿಯಿಂದ ಊದಿದರೆ ಗುಳ್ಳೆಗಳೇಳುವುದನ್ನು ಕಾಣಬಹುದು. ಬಿಳಿ ಓಕಿನ ಚೇಗಿನಲ್ಲಿ ಈ ನಾಳಗಳನ್ನು ಮರವು ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ಪೀಪಾಯಿಗಳನ್ನು ಅದರಿಂದಲೇ ಮಾಡುವುದು ಈ ಕಾರಣದಿಂದ. ಹೊರಗೆ ಮಳೆಗೆ ನಿಲ್ಲುವ ಲಾರಿಗೆ ಬಿಳಿ ಓಕು ತಕ್ಕುದು, ಕೆಂಪು ಓಕು ತಕ್ಕುದಲ್ಲ. ಆದರೆ ಬಿಳಿ ಓಕು ಹಿಗ್ಗಿ ಕುಗ್ಗುವುದರಲ್ಲಿ ಕೆಂಪಿಗಿಂತಲೂ ಒಂದು ಕೈ ಮೇಲು. ಹಸಿಯಿಂದ ಪೂರ್ಣ ಒಣಗುವವರೆಗೆ ಉಂಗುರದ ದಿಕ್ಕಿನಲ್ಲಿ ಕೆಂಪು ಓಕು ನೂರಕ್ಕೆ ೮.೬ ಕುಗ್ಗಿದರೆ, ಬಿಳಿಯದು ೧೦.೫ ಕುಗ್ಗುತ್ತದೆ. ಉದ್ದೆಲೆಯ ಹಳದಿ ಪೈನಿಗೆ ೭.೫. ಈ ದೇಶದ ತೇಗಕ್ಕೆ ೫.೮ ಮಾತ್ರ. ತೇಗವನ್ನು ಹಡಗುಗಳ ಅಟ್ಟಕ್ಕೆ ಹಾಸುತ್ತ ಬಂದವರು ಈ ಅಂಕಿಗಳನ್ನು ಓದಿದವರಲ್ಲ, ಮರವನ್ನು ಕಂಡವರು.

ಯಾವ ಜಾತಿಯಾದರೂ ಆಗಲಿ, ಹಲಗೆಯು ಚೇಗಿನದಾಗಿರಬೇಕು. ಹೊರಗಣ ಬಿಳಿಯ ಭಾಗವು ಯಾವ ಮರದಲ್ಲಿಯೂ ಬಾಳಿಕೆಯದಲ್ಲ. ತೇಗದ ಬಿಳಿಯ ಭಾಗವೂ ಹುಳಕ್ಕೆ ಆಹಾರವೇ. ದೊಡ್ಡ ಗಂಟುಗಳು ಅಡ್ಡತೊಲೆಗಳ ನಡುವಣ ಜಾಗಕ್ಕೆ ಬರುವಂತಿದ್ದರೆ ಆ ಹಲಗೆಯನ್ನು ಬಿಡುವುದು ಒಳ್ಳೆಯದು. ಹದವಾಗಿ ಒಣಗಿದ ಹಲಗೆಯನ್ನೇ ಕೊಳ್ಳಬೇಕೆಂಬುದು ಹೇಳದೆಯೇ ತಿಳಿಯತಕ್ಕ ಮಾತಾದರೂ, ಕೊಂಡ ಮೇಲೆ ಅದನ್ನು ಕೆಲಸ ನಡೆಯುವ ಜಾಗದಲ್ಲಿಯೇ, ನಡುನಡುವೆ ಕಡ್ಡಿಗಳನ್ನಿಟ್ಟು ಅಟ್ಟಿಯಾಗಿ ಜೋಡಿಸಿ, ಎರಡು ಮೂರು ವಾರ ಬಿಡಬೇಕೆಂಬುದನ್ನು ಬಹುಮಂದಿ ಮರೆಯುತ್ತಾರೆ. ಆ ಊರಿನ ಗಾಳಿಗೆ ಮರವು ಹೊಂದಿಕೊಳ್ಳಬೇಕು. ಅಲ್ಲಿಯವರೆಗೆ ತೋಡುಗಳನ್ನು ಕೊರೆಯತಕ್ಕದ್ದಲ್ಲ.

ಔಷಧ ತುಂಬಿದ ಪೈನ್ ಹಲಗೆಯೂ ಅಂಗಡಿಗಳಲ್ಲಿ ದೊರೆಯುತ್ತದೆ. ಹಿಂದೆ ತಾಮ್ರ, ಕ್ರೋಮಿಯಂ, ಪಾಷಾಣ ಈ ಮೂರನ್ನು ಕೂಡಿಸಿದ ಔಷಧವು ಬಳಕೆಯಲ್ಲಿತ್ತು. ೨೦೦೩ರ ಕೊನೆಯಿಂದ ಅಮೆರಿಕಾದಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ತುಂಬುವುದನ್ನು ನಿಲ್ಲಿಸಿದರು. ಅನಂತರ ಬಂದ ಔಷಧಗಳಲ್ಲಿ ಪಾಷಾಣವಿಲ್ಲದಿದ್ದರೂ ತಾಮ್ರವು ಹೆಚ್ಚಾಗಿದೆ. ತಾಮ್ರವು ಒದ್ದೆಯಲ್ಲಿ ಬರಿಯ ಉಕ್ಕನ್ನು ಬೇಗನೆ ತಿನ್ನುವುದರಿಂದ ಇಂತಹ ಹಲಗೆಗೆ ದಪ್ಪನಾದ ಸತುವಿನ ಲೇಪವುಳ್ಳ ಬೋಲ್ಟುಗಳನ್ನಾಗಲಿ, ತುಕ್ಕು ಹಿಡಿಯದ ಉಕ್ಕಿನವನ್ನಾಗಲಿ ಹಾಕಬೇಕು. ಓಕಿಗೂ ಇದೇ ಮಾತು ಬೇರೊಂದು ಕಾರಣದಿಂದ ಸಲ್ಲುತ್ತದೆ. ಅದರಲ್ಲಿರುವ ಒಗರು ಕಬ್ಬಿಣದೊಡನೆ ಸೇರಿ ಶಾಯಿಯಂತೆ ಕಪ್ಪಾಗಿ ಹಲಗೆಯ ಮೇಲೆ ಹರಿಯುತ್ತದೆ.

ಎಣ್ಣೆಯೋ, ವಾರ್ನಿಷೋ, ಬಣ್ಣವೋ

ಈ ಪ್ರಶ್ನೆಯಲ್ಲಿ ಅಮೆರಿಕಾದ ಲಾರಿಪ್ರಿಯರು ಎರಡು ಪಕ್ಷವಾಗಿದ್ದಾರೆ. ಹಲಗೆಯ ಗೆರೆಗಳು ಕನ್ನಡಿಯೊಳಗಿನಂತೆ ಹೊಳೆಯುವ ವಾರ್ನಿಷು ಒಂದು ಪಕ್ಷದವರಿಗೆ ಬೇಕು. ಕಾರ್ಖಾನೆಯಿಂದ ಬಂದಾಗ ಹಾಸಿಗೆ ಬಣ್ಣವಿತ್ತೇ ಹೊರತು ಹೊಳಪಿರಲಿಲ್ಲವೆಂದು ಇನ್ನೊಂದು ಪಕ್ಷದವರ ವಾದ. ಚರಿತ್ರೆಯಲ್ಲಿ ಎರಡನೆಯವರ ಮಾತು ನಿಜ. ಕೆಲಸದ ದೃಷ್ಟಿಯಿಂದಲೂ ಅವರ ಪಕ್ಷವೇ ಬಲವಾದುದು. ಪಾರದರ್ಶಕವಾದ ವಾರ್ನಿಷಿನ ಮೂಲಕ ಸೂರ್ಯನ ಕಿರಣಗಳು ಒಳಹೊಕ್ಕು ಮರದ ಮೇಲ್ಪದರವನ್ನೇ ಸಡಿಲಿಸುತ್ತವೆ. ಆಗ ವಾರ್ನಿಷು ಹಿಡಿತ ತಪ್ಪಿ ಹೊಪ್ಪಳೆಯಾಗಿ ಏಳುತ್ತದೆ. ಬಿರುಕಿನಲ್ಲಿ ನುಗ್ಗಿದ ನೀರಿಗೆ ಮತ್ತೆ ಹೊರಬೀಳಲು ದಾರಿಯಿಲ್ಲ. ಬಣ್ಣದಲ್ಲಿರುವ ಪುಡಿಯು ಕಿರಣಗಳನ್ನು ತಡೆಯುತ್ತದೆ. ಕೊಟ್ಟಿಗೆಯಲ್ಲಿ ನಿಂತು ಹಬ್ಬದ ದಿನ ಮಾತ್ರ ಹೊರಡುವ ಲಾರಿಗೆ ವಾರ್ನಿಷು ಬೇಡವೆನ್ನುವ ಕಾರಣವಿಲ್ಲ. ದುಡಿಯುವ ಲಾರಿಗೆ ಬಣ್ಣವಾಗಲಿ ಎಣ್ಣೆಯಾಗಲಿ ಸಲ್ಲುತ್ತದೆ.

ಎಣ್ಣೆಯೆಂದರೆ ಕಾಯಿಸಿದ ಅಗಸೆ ಎಣ್ಣೆ. ಅದಕ್ಕೆ ಟರ್ಪೆಂಟೈನನ್ನು ಬೆರೆಸಿ ತೆಳ್ಳಗೆ ಮಾಡಿ, ಮರವು ಕುಡಿಯುವಷ್ಟನ್ನು ಬಳಿದು, ಉಳಿದುದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಎಣ್ಣೆಯ ಹಾಸಿಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಇನ್ನೊಂದು ಆವರ್ತಿ ಬೇಕಾಗುತ್ತದೆ. ಆದರೆ ಹಳೆಯದನ್ನು ಕೆರೆದು ತೆಗೆಯುವ ಕಷ್ಟವಿಲ್ಲ. ಈ ಒರೆಸಿದ ಬಟ್ಟೆಗಳ ವಿಷಯದಲ್ಲಿ ಬಹಳ ಜಾಗರೂಕತೆಯು ಬೇಕು. ಅಗಸೆ ಎಣ್ಣೆಯು ಗಾಳಿಯೊಡನೆ ಕೂಡಿ ಒಣಗುವಾಗ ಶಾಖವನ್ನು ಹೊರಡಿಸುತ್ತದೆ. ಮುದ್ದೆಮಾಡಿ ಮೂಲೆಗೆಸೆದ ಬಟ್ಟೆಯಲ್ಲಿ ಆ ಶಾಖವು ಸೇರಿಕೊಂಡು, ಯಾರೂ ಕಡ್ಡಿ ಗೀರದೆಯೇ, ಕೆಲವು ಗಂಟೆಗಳೊಳಗಾಗಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳುವುದುಂಟು. ಹುಲ್ಲಿನ ಮೆದೆಯ ಪಕ್ಕದ ಕೊಟ್ಟಿಗೆಯಲ್ಲಿ ಇದರ ಅರ್ಥವೇನೆಂಬುದನ್ನು ರೈತರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಬಟ್ಟೆಗಳನ್ನು ಬಯಲಿನಲ್ಲಿ ಒಂದೊಂದಾಗಿ ಹರವಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಬೇಕು.

ಎಣ್ಣೆಯಾಗಲಿ ಬಣ್ಣವಾಗಲಿ, ಹಲಗೆಯ ಆರು ಮುಖಗಳಿಗೂ ಹಾಸುವುದಕ್ಕೆ ಮೊದಲೇ ಬಳಿಯತಕ್ಕದ್ದು. ಮೇಲ್ಮುಖಕ್ಕೆ ಮಾತ್ರ ಬಳಿದರೆ ಅಡಿಯು ನೀರು ಕುಡಿದು ಹಿಗ್ಗಿ, ಮೇಲ್ಭಾಗವು ಹಿಗ್ಗದೆ ನಿಂತು, ಹಲಗೆಯು ದೋಣಿಯಾಗುತ್ತದೆ. ತುದಿಗಳಿಗೆ ಉಳಿದ ಕಡೆಗಿಂತ ಎರಡಾವರ್ತಿ ಹೆಚ್ಚು. ರಂಧ್ರಗಳನ್ನು ಕೊರೆದ ಮೇಲೆ ಅವುಗಳ ಒಳಗೋಡೆಗೂ ಕುಂಚವನ್ನು ಇಳಿಸಬೇಕು. ತೇಗವನ್ನು ಉಪಯೋಗಿಸುವವರು ಅದರ ಸಹಜವಾದ ಜಿಡ್ಡನ್ನು ಟರ್ಪೆಂಟೈನಿನಂತಹ ದ್ರವದಿಂದ ಒರೆಸದೆ ಬಣ್ಣ ಬಳಿದರೆ ಅದು ನಿಲ್ಲುವುದಿಲ್ಲ.

ಹಾಸುವುದು

ಇನ್ನುಳಿದುದು ಒಂದು ದಿನದ ಕೆಲಸ. ಹಲಗೆಯ ತುದಿಯಲ್ಲಿ ಕಾಣುವ ಉಂಗುರಗಳ ಕಮಾನನ್ನು ನೋಡಿ, ತೊಗಟೆಯ ಕಡೆಯ ಮುಖವು ಮೇಲೆ ಬರುವಂತೆ ಹಾಸುವುದು. ಒಣಗಿದ ಹಲಗೆಯು ಮುಂದೆ ನೆನೆದಾಗ ಹೀಗಿದ್ದರೆ ನಡುವೆ ತುಸು ಉಬ್ಬಿ ನೀರು ಪಕ್ಕಕ್ಕೆ ಜಾರುತ್ತದೆ. ತಿರುವುಮುರುವಾದರೆ ತಟ್ಟೆಯಂತೆ ನೀರನ್ನು ಹಿಡಿಯುತ್ತದೆ. ಎಲ್ಲ ಹಲಗೆಗಳನ್ನೂ ಎಲ್ಲ ಪಟ್ಟಿಗಳನ್ನೂ ಮೊದಲು ಸಡಿಲವಾಗಿಯೇ ಜೋಡಿಸಿ, ಬೋಲ್ಟುಗಳನ್ನು ಬೆರಳಿನಿಂದ ತಿರುಗಿಸಿದಷ್ಟಕ್ಕೆ ಬಿಡಬೇಕು. ಆಮೇಲೆ ಎರಡು ಕರ್ಣಗಳನ್ನು ಮತ್ತೆ ಅಳೆಯುವುದು. ಅವೆರಡೂ ೧/೮ ಅಂಗುಲದೊಳಗೆ ಸಮವಾಗದೆ ಬಿಗಿಯಲು ಕೈಹಾಕಿದರೆ ಹಿಂಬಾಗಿಲು ಎಂದಿಗೂ ಸರಿಯಾಗಿ ಕೂರುವುದಿಲ್ಲ. ಅಳತೆ ಸರಿಬಂದ ಮೇಲೆ ನಡುವಿನ ಪಟ್ಟಿಯಿಂದ ತೊಡಗಿ ಎರಡು ಪಕ್ಕಗಳಿಗೂ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ ಹೋಗತಕ್ಕದ್ದು. ಪಟ್ಟಿಯು ಹಲಗೆಯನ್ನು ಅಲುಗದಂತೆ ಹಿಡಿದರೆ ಸಾಕು, ಮರದೊಳಕ್ಕೆ ಕಚ್ಚಬೇಕಾದುದಿಲ್ಲ. ತುಕ್ಕು ಹಿಡಿಯದ ಉಕ್ಕಿನ ನಟ್ಟುಗಳು ಬಿಗಿಯುವಾಗಲೇ ಒಂದಕ್ಕೊಂದು ಬೆಸೆದುಕೊಂಡುಬಿಡುವ ಚಾಳಿಯವಾದುದರಿಂದ ಎಳೆಗಳಿಗೆ ಚೂರು ಗ್ರೀಸನ್ನು ಸವರುವುದು. ಮುಂದಣ ತಗಡಿಗೂ ಹಲಗೆಗಳ ತುದಿಗೂ ನಡುವೆ ಕಾಲು ಅಂಗುಲದ ಸಂದಿರಲಿ. ಪೆಟ್ಟಿಗೆಯನ್ನು ತೊಳೆದ ನೀರು ಅಲ್ಲಿಂದಲೂ ಇಳಿದುಹೋಗಬೇಕು. ಚಾಸಿಗೆ ಬಿಗಿಯುವ ದಪ್ಪ ಬೋಲ್ಟುಗಳ ರಂಧ್ರಗಳನ್ನು ಕಟ್ಟಕಡೆಗೆ, ಹಲಗೆಯು ತನ್ನ ಜಾಗದಲ್ಲಿ ನಿಂತ ಮೇಲೆ, ಬೋಲ್ಟಿಗಿಂತ ಒಂದಿಷ್ಟು ಅಗಲವಾಗಿ ಕೊರೆಯುವುದು.

ಈ ಲಾರಿಗಳು ಹಿಂದೂದೇಶಕ್ಕೆ ಅಪರಿಚಿತವಾದುವಲ್ಲ. ಜನರಲ್ ಮೋಟಾರ್ಸ್ ಕಂಪೆನಿಯವರು ಅಂದಿನ ಬೊಂಬಾಯಿಯಲ್ಲಿ ೧೯೨೮ರಿಂದ ೧೯೫೪ರವರೆಗೆ ಷೆವ್ರೊಲೆ ಗಾಡಿಗಳನ್ನು ಜೋಡಿಸಿ ಮಾರುತ್ತಿದ್ದರು. ಚಾಸಿಯನ್ನು ಮಾತ್ರ ಕೊಂಡು, ಮೇಲಿನ ಮೈಯನ್ನು ಊರ ಬಡಗಿ ಕಮ್ಮಾರರಿಂದ ಮರದಲ್ಲಿ ಕಟ್ಟಿಸುವ ರೂಢಿಯು ಇಲ್ಲಿನ ಲಾರಿಗಳಲ್ಲಿ ಬಹುಕಾಲ ನಡೆದುಬಂತು. ಮರದ ಹಾಸಿನ ಲಾರಿಯಾಗಲಿ, ಟ್ರಾಕ್ಟರಿನ ಹಿಂದೆ ಕಟ್ಟುವ ಗಾಡಿಯಾಗಲಿ, ಹಳೆಯ ಎತ್ತಿನ ಗಾಡಿಯಾಗಲಿ ಮನೆಯಲ್ಲಿದ್ದ ಜಮೀನುದಾರರು ಮೇಲಿನ ಕ್ರಮವನ್ನು ಹೆಚ್ಚು ಬದಲಾವಣೆಯಿಲ್ಲದೆ ಅನುಸರಿಸಬಹುದು. ಓಕು ಪೈನುಗಳ ಗೊಡವೆ ಇಲ್ಲಿ ಬೇಕಿಲ್ಲ. ಮತ್ತಿ, ಹೊನ್ನೆ, ತೇಗಗಳ ಚೇಗು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಮತ್ತಿಯು ಗಟ್ಟಿಯಾದರೂ ಒಣಗುವಾಗ ಸೀಳುವ ಗುಣವುಳ್ಳದ್ದು, ಆದುದರಿಂದ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಗೆದ್ದಲಿನ ಬಾಧೆಯುಳ್ಳ ಊರುಗಳಲ್ಲಿ ಗಾಡಿಯ ಮೂಕಿಯನ್ನಾಗಲಿ ಹಾಸನ್ನಾಗಲಿ ತಿಂಗಳುಗಟ್ಟಲೆ ನೆಲಕ್ಕೆ ತಾಗಿಸಿ ನಿಲ್ಲಿಸಬಾರದು. ತಮ್ಮ ಹೊಲದ ಬದುವಿನ ಮರವನ್ನೇ ಕೊಯ್ಯಿಸುವವರು ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅಪ್ಪಣೆ ರಹದಾರಿಗಳು ಬೇಕೇ ಎಂಬುದನ್ನು ಕೊಡಲಿಯೆತ್ತುವುದಕ್ಕೆ ಮುಂಚೆಯೇ ವಿಚಾರಿಸಿಕೊಳ್ಳತಕ್ಕದ್ದು.

ಹೊಸ ಹಾಸು ಮೊದಲ ಬೇಸಗೆಯಲ್ಲಿ ಕುಗ್ಗಿ ನಟ್ಟುಗಳು ಒಂದಿಷ್ಟು ಸಡಿಲವಾಗುವುದು ಸಹಜ. ಎರಡು ಮೂರು ತಿಂಗಳುಗಳಾದ ಮೇಲೆ ಲಾರಿಯ 
ಅಡಿಯಲ್ಲಿ ಮಲಗಿ ಎಲ್ಲವನ್ನೂ ಒಮ್ಮೆ ಬಿಗಿಸಿ, ಸಂದುಗಳಲ್ಲಿ ಸೇರಿದ ಹುಲ್ಲು ಮಣ್ಣುಗಳನ್ನು ಕಡ್ಡಿಯಿಂದ ಕೆದಕಿ ತೆಗೆಸುವುದು. ಗೊಬ್ಬರವನ್ನು ಹೇರಿದ ದಿನ ಸಂಜೆಯೇ ಪೆಟ್ಟಿಗೆಯನ್ನು ತೊಳೆಸಿ, ನೀರು ಇಳಿದುಹೋಗುವಂತೆ ಲಾರಿಯ ಹಿಂಭಾಗವು ತಗ್ಗಾಗಿರುವ ಕಡೆ ನಿಲ್ಲಿಸಬೇಕು.